ಈಜಿಪ್ಟಿನವರ ಮೇಲೆ ನಮ್ಮ ಅತ್ತೆಯ ಸಿಟ್ಟು

ನಮ್ಮ ಅತ್ತೆಗೆ ಈಜಿಪ್ಟಿನವರ ಮೇಲೆ ಸಿಟ್ಟು ಬಂದದ್ದು ಎರಡು ಸಾವಿರದ ಎರಡನೆಯ ಇಸವಿಯ ಬೇಸಿಗೆಯಲ್ಲಿ, ಶಿಕಾಗೋ ಪಕ್ಕದ ಇಟಾಸ್ಕಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ, ಸೋಫಾದ ಮೇಲೆ ಕೂತು ಟಿವಿ ನೋಡುತ್ತಿದ್ದಾಗ. ಅದಕ್ಕೆ ಮುಂಚೆ ಅವರಿಗೂ ಈಜಿಪ್ಟಿಗೂ ಯಾವ ತಂಟೆಯೂ ಇರಲಿಲ್ಲ. ಆ ವರ್ಷ ನಮ್ಮ ಕಡೆ ವೆಸ್ಟ್ ನೈಲ್ ಅನ್ನುವ ಕಾಯಿಲೆ ಬಂದಿತ್ತು. ಸೊಳ್ಳೆಯಿಂದ ಹರಡುವಂಥದ್ದು. ಮನುಷ್ಯರಿಗೂ ಬಂತು, ಆದರೆ ಕಾಗೆಗಳ ಪಾಡು ಕೇಳುವ ಹಾಗೇ ಇರಲಿಲ್ಲ. ಜುಲೈಯಲ್ಲಿ ಪಾರ್ಕಿಂಗ್ ಲಾಟಿನ ದೀಪದ ಕಂಬಗಳ ಮೇಲೆ ಕೂತು ಜಗಳವಾಡುತ್ತಿದ್ದ ಕಾಗೆಗಳು ಆಗಸ್ಟ್ ಮುಗಿಯುವ ಹೊತ್ತಿಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಸತ್ತ ಕಾಗೆ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ, ಕೌಂಟಿ ಆಫೀಸಿಗೆ ಫೋನ್ ಮಾಡಿ ಎಂದು ಟಿವಿಯಲ್ಲಿ ಹೇಳುತ್ತಿದ್ದರು.

ಅತ್ತೆಗೆ ಇಂಗ್ಲಿಷ್ ಸುದ್ದಿ ಅಷ್ಟಾಗಿ ಅರ್ಥವಾಗುತ್ತಿರಲಿಲ್ಲ, ಆದರೆ ನೈಲ್ ಎಂಬ ಹೆಸರು ಕಿವಿಗೆ ಬಿತ್ತು.

"ನೈಲ್ ಅಂದ್ರೆ ಆ ಪಿರಮಿಡ್‌ನೋರ ನದಿ ತಾನೆ? ನಮ್ಮ ಕಾಗೆ ಅವರಿಗೇನು ಮಾಡಿತ್ತಂತೆ?"

ಈ ಹೆಸರು ಉಗಾಂಡಾದ ಒಂದು ಜಿಲ್ಲೆಯದು, ಈಜಿಪ್ಟಿನವರ ತಪ್ಪು ಇದರಲ್ಲಿ ಏನೂ ಇಲ್ಲ ಎಂದು ನಾನು ಬಿಡಿಸಿ ಹೇಳಿದೆ. ಅಲ್ಲಿ ಹರಿಯುವುದು ಯಾವ ನದಿ ಎಂದು ಕೇಳಿದರು. ನೈಲ್ ಎಂದೆ. ಅತ್ತೆ ನನ್ನ ಮುಖವನ್ನು ಒಂದು ಸಲ ನೋಡಿ ಟಿವಿ ಕಡೆ ತಿರುಗಿಕೊಂಡರು. ಅವರ ಮಟ್ಟಿಗೆ ಕೇಸು ಅಲ್ಲಿಗೆ ಮುಗಿದಿತ್ತು.

ಕಾಗೆಗಳ ಮೇಲೆ ಅವರಿಗೆ ಇಷ್ಟು ಕಾಳಜಿ ಯಾಕೆ ಎಂದರೆ, ಅವರು ಅಮೆರಿಕಕ್ಕೆ ಬಂದದ್ದೇ ಮಾವನ ವರ್ಷದ ತಿಥಿಗೆ. ಮಾವ ಹಿಂದಿನ ವರ್ಷ ಮೈಸೂರಿನಲ್ಲಿ ತೀರಿಕೊಂಡಿದ್ದರು. ನನ್ನ ಗಂಡ ಒಬ್ಬನೇ ಮಗ. ಸಂಸ್ಕಾರಕ್ಕೆ ಹೋಗಿ ಬಂದಿದ್ದರು. ಆದರೆ ಆಮೇಲೆ, ಆ ಸೆಪ್ಟೆಂಬರಿನಲ್ಲಿ ಅವಳಿ ಗೋಪುರಗಳು ಬಿದ್ದು, ಕಾಲ ಕೆಟ್ಟಿತು. ವೀಸಾ ಸ್ಟಾಂಪಿಂಗಿಗೆ ಅಂತ ಊರಿಗೆ ಹೋದವರು ತಿಂಗಳುಗಟ್ಟಲೆ ಅಲ್ಲೇ ಕೂರುತ್ತಿದ್ದರು, ಇಲ್ಲಿ ಕೆಲಸ ಹೋಗುತ್ತಿತ್ತು. ಮಗ ಬರಲಾಗದಿದ್ದರೆ ತಿಥಿಯೇ ಮಗನ ಹತ್ತಿರ ಹೋಗಲಿ ಎಂದು ಅತ್ತೆ ತಮ್ಮ ಮಗಳ ಮನೆಯಿಂದ ಹೊರಟು ಬಂದರು, ಎಳ್ಳು, ದರ್ಭೆ, ತಾಮ್ರದ ಉದ್ಧರಣೆ ಸಮೇತ. ಓಹೇರ್ ವಿಮಾನ ನಿಲ್ದಾಣದಲ್ಲಿ ದರ್ಭೆಯನ್ನು ಕಿತ್ತುಕೊಂಡರು. ಅದು ಬೇರೆ ಕಥೆ.

ತಿಥಿ ಚೆನ್ನಾಗಿಯೇ ಆಯಿತು. ದೇವಸ್ಥಾನದ ಪುರೋಹಿತರು ಬೆಳಿಗ್ಗೆ ಬಂದು, ಸ್ಮೋಕ್ ಅಲಾರಂ ಕಡೆ ಒಂದು ಕಣ್ಣಿಟ್ಟುಕೊಂಡು ಎಲ್ಲವನ್ನೂ ಮಾಡಿಸಿ, ಊಟ ಮಾಡಿ, ಇನ್ನೊಂದು ಮನೆಗೆ ಡ್ರೈವ್ ಮಾಡಿಕೊಂಡು ಹೋದರು. ಉಳಿದದ್ದು ಕಾಗೆಗೆ ಇಡುವ ಪಿಂಡ. ಅತ್ತೆಯ ಮನೆಯ ಪದ್ಧತಿಯಲ್ಲಿ ಕಾಗೆ ಮುಟ್ಟಿದ ಮೇಲೆಯೇ ಮನೆಯವರ ಊಟ. ಕಾಗೆ ಮುಟ್ಟಲಿಲ್ಲ ಎಂದರೆ ಹೋದವರಿಗೆ ಏನೋ ಆಸೆ ಉಳಿದಿದೆ, ಮುನಿಸಿದೆ ಎಂದು ಅರ್ಥ. ಆಗ ಮನೆಯವರು ಎದುರು ನಿಂತು, ಅದು ಮಾಡಿಸುತ್ತೇವೆ, ಇದು ಕೊಡುತ್ತೇವೆ ಎಂದು ಮಾತು ಕೊಡಬೇಕು. ಸರಿಯಾದ ಮಾತು ಬಿದ್ದ ಕೂಡಲೇ ಕಾಗೆ ಬರುತ್ತದೆ.

ಬಾಲ್ಕನಿಯ ಕಟಕಟೆಯ ಮೇಲೆ ಬಾಳೆಲೆಯ ತುಂಡಿನಲ್ಲಿ ಪಿಂಡ, ಜೊತೆಗೊಂದು ವಡೆ ಇಟ್ಟು ನಾವು ಮೂವರೂ ಒಳಗಿನಿಂದ ಗಾಜಿನ ಬಾಗಿಲಿಗೆ ಮೂಗು ಒತ್ತಿ ನಿಂತೆವು. ಕಾಗೆ ಬರಲಿಲ್ಲ. ಅರ್ಧ ಗಂಟೆಯ ನಂತರ ಅತ್ತೆ ಮಗನಿಗೆ ಮಾತು ಕೊಡು ಎಂದರು. ನನ್ನ ಗಂಡ ಬಾಲ್ಕನಿಗೆ ಹೋಗಿ ಕೈಮುಗಿದು, ತಂಗಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಅಂದರು. ಏನೂ ಆಗಲಿಲ್ಲ. ಪ್ರತಿದಿನ ಸಂಧ್ಯಾವಂದನೆ ಮಾಡುತ್ತೇನೆ ಅಂದರು. ಇದು ಸುಳ್ಳೆಂದು ಇಡೀ ಆಕಾಶಕ್ಕೇ ಗೊತ್ತಿತ್ತು. ಮನೆಯ ಕೆಲಸದಲ್ಲಿ ಹೆಂಡತಿಗೆ ಸಹಾಯ ಮಾಡುತ್ತೇನೆ ಅನ್ನಿ ಎಂದು ನಾನು ಒಳಗಿನಿಂದ ಸೂಚಿಸಿದೆ. ಮಾವನಿಗೆ ಆ ಆಸೆ ಇದ್ದಿರಲಾರದು ಎಂದು ಅತ್ತೆ ಗದರಿದರು. ಕೆಳಗೆ ನಾಯಿ ಓಡಾಡಿಸಲು ಬಂದಿದ್ದ ಪಕ್ಕದ ಮನೆಯವನು, ಪಂಚೆ ಉಟ್ಟು ಆಕಾಶದ ಜೊತೆ ಚೌಕಾಸಿ ಮಾಡುತ್ತಿದ್ದ ನನ್ನ ಗಂಡನನ್ನು ನೋಡಿ ನಾಯಿಯನ್ನು ಬೇಗ ಒಳಗೆ ಕರೆದುಕೊಂಡು ಹೋದ.

ಕೊನೆಗೆ ಬಂದದ್ದು ಹೆಬ್ಬಾತು. ನಮ್ಮ ಕಾಂಪ್ಲೆಕ್ಸಿನ ಹಿಂದೆ ಒಂದು ಕೊಳವಿತ್ತು, ಅದರ ತುಂಬ ಈ ಕೆನಡಾ ಹೆಬ್ಬಾತುಗಳು. ಗಾಳಿಗೆ ಎಲೆಯಿಂದ ಕೆಳಗೆ ಬಿದ್ದ ವಡೆಯ ಕಡೆಗೆ ಒಂದು ಹೆಬ್ಬಾತು ಕತ್ತು ಚಾಚಿಕೊಂಡು ನಡೆದು ಬಂತು. ಇದು ನಡೆಯುತ್ತದಾ ಎಂದು ಗಂಡ ಆಸೆಯಿಂದ ಕೇಳಿದರು. ಅತ್ತೆ ಉತ್ತರ ಕೊಡುವ ಮುಂಚೆ ಅದು ವಡೆಯನ್ನು ಮೂಸಿ, ತುಳಿದು, ಹೋಯಿತು. ಕತ್ತಲಾಗುವ ಮುಂಚೆ ಅಳಿಲೊಂದು ಪಿಂಡದ ಅರ್ಧವನ್ನು ಹೊತ್ತುಕೊಂಡು ಹೋಯಿತು. ನಾವಿಬ್ಬರೂ ಊಟ ಮಾಡಿದೆವು. ಅತ್ತೆ ಮಾಡಲಿಲ್ಲ.

ಮಾರನೆಯ ದಿನದಿಂದ ಹೊಸ ವ್ರತ ಶುರುವಾಯಿತು. ಬೆಳಿಗ್ಗೆ ಸ್ನಾನ ಮಾಡಿ, ಒಂದು ಹಿಡಿ ಅನ್ನ ಕಟಕಟೆಯ ಮೇಲಿಟ್ಟು, ಕುರ್ಚಿ ಹಾಕಿಕೊಂಡು ಕೂತುಬಿಡುವರು. ಕಾಗೆ ಮುಟ್ಟುವವರೆಗೆ ಅವರಿಗೆ ಅನ್ನವಿಲ್ಲ. ರಾತ್ರಿ ಒಂದಿಷ್ಟು ಅವಲಕ್ಕಿ, ಮಜ್ಜಿಗೆ. ಹಗಲಿಗೆ ಬರೀ ಕಾಫಿ, ಅದೂ ಸಕ್ಕರೆಯಿಲ್ಲದ್ದು. ಅವರಿಗೆ ಸಕ್ಕರೆ ಕಾಯಿಲೆಯೇನೂ ಇರಲಿಲ್ಲ. ಯಾಕೆ ಸಪ್ಪೆ ಕಾಫಿ ಎಂದರೆ, "ನನಗೆ ಸೇರಲ್ಲ ಕಣೆ" ಎಂದು ತೇಲಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಚಿನ್ನದ ಬಳೆ ಮೊಣಕೈಯವರೆಗೆ ಜಾರತೊಡಗಿತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ನಾನು ಎಲ್ಕ್ ಗ್ರೋವ್‌ನ ಲ್ಯಾಬಿನಲ್ಲಿ ಕೆಲಸ ಮಾಡುತ್ತಿರುವಾಗಲೂ, ಮನೆಯಲ್ಲಿ ಒಬ್ಬರೇ ಕೂತು ಖಾಲಿ ಆಕಾಶ ನೋಡುತ್ತಿರುವ ಅತ್ತೆಯೇ ಕಣ್ಣ ಮುಂದೆ ಬರುತ್ತಿದ್ದರು.

ನಮ್ಮ ಮನೆಯಲ್ಲಿ ಸಕ್ಕರೆಯ ಡಬ್ಬ ಇಸ್ತ್ರಿ ಹಲಗೆಯ ಹಿಂದೆ ಬಚ್ಚಿಟ್ಟಿರುತ್ತಿತ್ತು, ಇದನ್ನೂ ಹೇಳಬೇಕು. ನನ್ನ ಗಂಡನಿಗೆ ಡಾಕ್ಟರು ಸಕ್ಕರೆ ಕಾಯಿಲೆಯ ಬಾರ್ಡರ್‌ಲೈನ್ ಅಂದಿದ್ದರು. ಬಾರ್ಡರ್ ದಾಟಲು ನಾನು ಬಿಡುವವಳಲ್ಲ. ಮಾವನಂತೂ ಆ ಗಡಿಯನ್ನು ಎಂದೋ ದಾಟಿ ಆಚೆ ಮನೆ ಕಟ್ಟಿಕೊಂಡಿದ್ದವರು. ತೀರಿಕೊಳ್ಳುವುದಕ್ಕೆ ಎರಡು ವರ್ಷ ಮುಂಚೆ ನಮ್ಮಲ್ಲಿಗೆ ಬಂದಿದ್ದಾಗ ಡೋನಟ್ ಅಂಗಡಿಯಿಂದ ಸಕ್ಕರೆಯ ಪೊಟ್ಟಣಗಳನ್ನು ಅಂಗಿಯ ಜೇಬಿಗೆ ತುಂಬಿಕೊಂಡು ಬರುತ್ತಿದ್ದರು. ಅತ್ತೆ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಜೇಬು ತಪಾಸಣೆ ಮಾಡುತ್ತಿದ್ದರು, ಓಹೇರ್‌ನವರು ಇವರ ಹತ್ತಿರ ಟ್ರೇನಿಂಗ್ ತಗೊಳ್ಳಬೇಕಿತ್ತು. ಹಾಗಾಗಿ ನನ್ನ ಬಚ್ಚಿಟ್ಟ ಡಬ್ಬವನ್ನು ನೋಡಿದ ದಿನ ಅತ್ತೆ ನನ್ನನ್ನು ಹೊಗಳುತ್ತಾರೆಂದುಕೊಂಡೆ. ಅವರು ಡಬ್ಬವನ್ನು ನೋಡಿದರು, ಇದ್ದಲ್ಲೇ ಇಟ್ಟು ಬಾಲ್ಕನಿಗೆ ಹೋದರು.

ಶನಿವಾರ ನಮ್ಮ ಜನರ ಅಂಗಡಿಗಳಿರುವ ಡೆವನ್ ಅವೆನ್ಯೂಗೆ ಸಾಮಾನು ತರಲು ಹೋದಾಗ ದಿನಸಿ ಅಂಗಡಿಯ ಆಂಟಿಯ ಮುಂದೆ ಇದನ್ನೆಲ್ಲ ತೋಡಿಕೊಂಡೆ. ಅವರು ತುಮಕೂರು ಕಡೆಯ ಮುಸ್ಲಿಮರು. ಕನ್ನಡ ಕೇಳಿದರೆ ಕೊತ್ತಂಬರಿಯನ್ನು ಸುಮ್ಮನೆ ಚೀಲಕ್ಕೆ ಹಾಕುವವರು. ಅತ್ತೆಯನ್ನು ಆ ಬಾಲ್ಕನಿಯಿಂದ ಮೊದಲು ಎಬ್ಬಿಸು, ಎಲ್ಲಿಗಾದರೂ ಕರೆದುಕೊಂಡು ಹೋಗು ಅಂದರು. ಅವರ ಮನೆಗೆ ಬಂದ ನೆಂಟರನ್ನೆಲ್ಲ ಅವರು ಮ್ಯೂಸಿಯಮ್ಮಿಗೆ ಕಳಿಸುತ್ತಿದ್ದರಂತೆ. ಕಾರಣ ಕೇಳಿದರೆ, ಅಲ್ಲಿ ಯಾರೂ ಏನನ್ನೂ ಕೊಂಡುಕೊಳ್ಳುವಂತಿಲ್ಲವಲ್ಲ ಅಂದರು.

ಭಾನುವಾರ ಅತ್ತೆಯನ್ನು ಕಾರು ಹತ್ತಿಸಿದೆ. ಯಾವ ಮ್ಯೂಸಿಯಂ ಎಂದು ಹೇಳುವುದಿಲ್ಲ, ಅಲ್ಲಿಯ ಕಾವಲಿನವನಿಗೆ ಮುಜುಗರವಾದೀತು. ಒಳಗೆ ಈಜಿಪ್ಟಿನ ದೊಡ್ಡ ವಿಭಾಗವಿದೆ ಎಂದು ಅತ್ತೆಗೆ ಮೊದಲೇ ಹೇಳಲಿಲ್ಲ. ಹೇಳಿದ್ದರೆ ಬರುತ್ತಿದ್ದರು, ಆದರೆ ಜಗಳಕ್ಕೆ ತಯಾರಾಗಿ ಬರುತ್ತಿದ್ದರು.

ಮಮ್ಮಿಗಳಿದ್ದ ಕೋಣೆಯ ಬಾಗಿಲಲ್ಲೇ ನಿಂತರು. ಹೆಣ ನೋಡಿದರೆ ತಲೆಗೆ ಸ್ನಾನ ಮಾಡಬೇಕು, ಇಲ್ಲಿ ಬಚ್ಚಲೆಲ್ಲಿದೆ ಎಂದು ಕೇಳಿದರು. ಮೂರು ಸಾವಿರ ವರ್ಷದ ಹೆಣಕ್ಕೂ ಮೈಲಿಗೆಯೇ ಎಂದರೆ, ಹೆಣ ಹಳೆಯದಾದರೆ ಉಪ್ಪಿನಕಾಯಿ ಆಗುತ್ತದೇನು ಅಂದರು. ನಾವು ಪಕ್ಕದ ಕೋಣೆಗೆ ನಡೆದೆವು.

ಅಲ್ಲಿ ಮನೆಯ ಸಾಮಾನುಗಳಿದ್ದವು. ನಾನು ಈಜಿಪ್ಟ್ ಎಂದರೆ ಚಿನ್ನ, ಪಿರಮಿಡ್ಡು, ಸದಾ ಸಾವನ್ನೇ ಧ್ಯಾನಿಸುವ ಗಂಭೀರ ಜನ ಎಂದುಕೊಂಡಿದ್ದೆ. ಗಾಜಿನ ಒಳಗಿದ್ದದ್ದು ಬಾಚಣಿಗೆ, ಹೆಣೆದ ಚಪ್ಪಲಿ, ಕೈಗನ್ನಡಿ, ಚೌಕಾಬಾರದಂಥ ಒಂದು ಆಟದ ಮಣೆ. ಕಾಡಿಗೆಯ ಕೊಳವೆಯೊಂದಿತ್ತು, ಹಚ್ಚಿಕೊಳ್ಳುವ ಕಡ್ಡಿಯ ಸಮೇತ. ಅತ್ತೆ ಬಾಗಿ ನೋಡಿದರು. ಕಣ್ಣಿಗೆ ಕಾಡಿಗೆ ಹಚ್ಚುವ ಹೆಂಗಸರು ಕಾಗೆ ಕೊಲ್ಲುವವರಿರಲಾರರು, ಇದು ಗಂಡಸರ ಕೆಲಸವೇ ಇರಬೇಕು ಎಂದು ತೀರ್ಪನ್ನು ಸ್ವಲ್ಪ ಸಡಿಲಿಸಿದರು. ಮುಂದೆ ಒಂದು ಒಣಗಿದ ರೊಟ್ಟಿ ಇತ್ತು. ನಿಜವಾದದ್ದು, ಗೋರಿಯಲ್ಲಿ ಸಿಕ್ಕಿದ್ದು. ಸತ್ತವನ ಊಟಕ್ಕೆ ಇಟ್ಟಿದ್ದರು ಎಂದು ಫಲಕ ಓದಿ ಹೇಳಿದೆ. ಅತ್ತೆ ತುಂಬ ಹೊತ್ತು ಅದರ ಮುಂದೆ ನಿಂತರು. ಬಾಯಿಬಿಟ್ಟದ್ದು ಮಾತ್ರ, ಇಷ್ಟು ದಪ್ಪ ತಟ್ಟಿದರೆ ಒಳಗೆ ಬೇಯುವುದಿಲ್ಲ ಎಂದು.

ಆಮೇಲೆ ಒಂದು ಚಪ್ಪಟೆ ಕಲ್ಲು. ಮೇಲೆ ರೊಟ್ಟಿ, ಹೂಜಿ, ಕಾಲು ಕಟ್ಟಿದ ಹೆಬ್ಬಾತು ಕೆತ್ತಿದ್ದರು. ನೀರು ಹರಿದು ಹೋಗಲು ಒಂದು ಬದಿಯಲ್ಲಿ ಮೂತಿಯಿತ್ತು. ಇದಕ್ಕೆ ಫಲಕ ಓದುವ ಅಗತ್ಯ ಬೀಳಲಿಲ್ಲ.

"ಎಡೆ ಇಡೋ ಕಲ್ಲು," ಅಂದರು ಅತ್ತೆ. ಹೆಬ್ಬಾತಿನ ಕಡೆ ಬೆರಳು ತೋರಿಸಿ, "ನೋಡು, ಇದನ್ನ ಇವರು ಎಲೆಗೆ ಬಡಿಸ್ತಿದ್ರು. ಅದಕ್ಕೇ ಅವತ್ತು ನಮ್ಮ ವಡೆ ಮುಟ್ಟಲಿಲ್ಲ, ಹೆದರಿಕೊಂಡಿತ್ತು."

ಈ ಜನ ತಲೆ ಕೆಡಿಸಿಕೊಂಡದ್ದು ಸಾವಿನ ಬಗ್ಗೆ ಅಲ್ಲ, ಸತ್ತ ಮೇಲೆ ಮಧ್ಯಾಹ್ನದ ಊಟ ಯಾರು ಹಾಕುತ್ತಾರೆ ಎಂಬುದರ ಬಗ್ಗೆ ಎಂದು ನನಗೆ ಅಲ್ಲಿ ಹೊಳೆಯಿತು. ಎಷ್ಟು ದೊಡ್ಡ ಕಲ್ಲು, ಎಷ್ಟು ಚಂದದ ಕೆತ್ತನೆ, ಎಲ್ಲವೂ ತಟ್ಟೆ ಖಾಲಿಯಾದೀತು ಎಂಬ ದಿಗಿಲಿನಿಂದ ಹುಟ್ಟಿದ್ದು.

ಕೋಣೆಯ ಕೊನೆಯಲ್ಲಿ, ಸಣ್ಣದೊಂದು ಗಾಜಿನ ಪೆಟ್ಟಿಗೆಯಲ್ಲಿ, ಆ ಹಕ್ಕಿ ಕೂತಿತ್ತು. ಮರದ್ದು, ಗೇಣುದ್ದ ಕೂಡ ಇಲ್ಲ. ಮೈಯೆಲ್ಲ ಹಕ್ಕಿ, ಬಣ್ಣ ಬಳಿದ ರೆಕ್ಕೆ. ತಲೆ ಮಾತ್ರ ಮನುಷ್ಯನದು. ಮೂಗು ಉದ್ದ, ಮುಖದಲ್ಲಿ ಒಂಥರಾ ಅಸಮಾಧಾನ. ಸತ್ತವನೊಳಗಿನ ಒಂದು ಅಂಶ ಹೀಗೆ ಹಕ್ಕಿಯಾಗಿ ಹಗಲಲ್ಲಿ ಗೋರಿಯಿಂದ ಹೊರಗೆ ಹಾರುತ್ತದೆ, ಇಟ್ಟದ್ದನ್ನು ತಿಂದು ಕುಡಿದು, ರಾತ್ರಿ ತನ್ನ ದೇಹಕ್ಕೆ ಮರಳುತ್ತದೆ ಎಂದು ಫಲಕದಲ್ಲಿತ್ತು. ನಾನು ಓದಿ ಹೇಳುತ್ತ ಹೋದೆ. ತಿರುಗಿ ನೋಡಿದರೆ ಅತ್ತೆ ಬ್ಯಾಗಿನಿಂದ ಕೋಡುಬಳೆ ತೆಗೆದು, ಕರವಸ್ತ್ರದ ಮೇಲೆ ಜೋಡಿಸಿ, ಪೆಟ್ಟಿಗೆಯ ಕೆಳಗೆ ನೆಲದ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದರು.

ಕಾವಲಿನವನು ಬಂದ. ತಿಂಡಿ ಇಲ್ಲಿ ತಿನ್ನುವಂತಿಲ್ಲ ಎಂದು ಮರ್ಯಾದೆಯಿಂದಲೇ ಹೇಳಿದ. ತಾವು ತಿನ್ನುತ್ತಿಲ್ಲ, ಅದು ತಿನ್ನಲಿ ಎಂದು ಇಟ್ಟದ್ದು ಎಂದು ಅತ್ತೆ ಕನ್ನಡದಲ್ಲಿ ಅವನಿಗೆ ವಿವರಿಸಿದರು. ಅವನು ನನ್ನನ್ನು ನೋಡಿದ. ನಾನು ತರ್ಜುಮೆ ಮಾಡಿದೆ, ಒಂದಕ್ಷರ ಬಿಡದೆ. ಅವನ ಮುಖ ನೋಡಬೇಕೆಂಬ ಆಸೆ ನನಗಿತ್ತು. ಅವನು ಒಂದು ಸಲ ಮರದ ಹಕ್ಕಿಯನ್ನು, ಒಂದು ಸಲ ಕೋಡುಬಳೆಯನ್ನು ನೋಡಿ, ವಾಕಿಟಾಕಿ ಬಾಯಿಯ ಹತ್ತಿರ ಹಿಡಿದು, ಹಾಗೇ ಕೆಳಗಿಳಿಸಿದ.

ಅಷ್ಟರಲ್ಲಿ ಬಿಳಿ ಕೂದಲಿನ ಅಜ್ಜಿಯೊಬ್ಬರು ಬಂದರು. ಬರುವವರಿಗೆ ವಸ್ತುಗಳ ಬಗ್ಗೆ ಹೇಳುವ ವಾಲಂಟಿಯರ್, ಎದೆಯ ಮೇಲೆ ಬಿಲ್ಲೆ. ಕಾಗೆ, ತಿಥಿ, ಮುನಿಸು, ವ್ರತ ಎಲ್ಲವನ್ನೂ ಹೇಳಿದೆ. ನಗುತ್ತಾರೆ ಎಂದುಕೊಂಡೆ, ನಗಲಿಲ್ಲ. ಕೋಡುಬಳೆ ಎತ್ತಿಕೊಳ್ಳಿ, ನನ್ನ ಜೊತೆ ಬನ್ನಿ ಎಂದು ಅತ್ತೆಯ ಕೈಹಿಡಿದು ಗೋಡೆಯ ಹತ್ತಿರ ಕರೆದುಕೊಂಡು ಹೋದರು.

ಅಲ್ಲೊಂದು ಕಲ್ಲಿನ ಫಲಕ ನಿಂತಿತ್ತು. ಊಟದ ಮುಂದೆ ಕೂತ ಒಬ್ಬ ಮನುಷ್ಯ, ಸುತ್ತ ಸಾಲು ಸಾಲು ಚಿತ್ರಲಿಪಿ. ಅವನು ಹಾದು ಹೋಗುವವರನ್ನು ಕೂಗಿ ಕರೆಯುತ್ತಿದ್ದಾನೆ ಎಂದರು ಅಜ್ಜಿ. ಮಕ್ಕಳು ಮೊಮ್ಮಕ್ಕಳು ಇಂದು ಊಟ ಇಟ್ಟಾರು, ನಾಳೆ ಮರೆತಾರು, ಇದು ಆ ಜನಕ್ಕೆ ಗೊತ್ತಿತ್ತು. ಅದಕ್ಕೇ ಅವನು ಕೈಯಲ್ಲಿರುವುದನ್ನು ಕೇಳುತ್ತಿಲ್ಲ. ಸಾವಿರ ರೊಟ್ಟಿ, ಸಾವಿರ ಹೂಜಿ ಬಿಯರು, ಸಾವಿರ ಎತ್ತು, ಸಾವಿರ ಹಕ್ಕಿ ಎಂದು ಬಾಯಲ್ಲಿ ಹೇಳಿ ಸಾಕು, ನಿಮಗೆ ಖರ್ಚಾಗುವುದು ಬರೀ ಉಸಿರು, ಅಷ್ಟು ಹೇಳಿದರೆ ನನಗೆ ಮುಟ್ಟುತ್ತದೆ ಎನ್ನುತ್ತಿದ್ದಾನೆ. ಹೇಳಿದ್ದೇ ಊಟ.

ನಾನು ಕನ್ನಡದಲ್ಲಿ ಹೇಳಿದೆ. ಅತ್ತೆ ಎರಡು ಸಲ ಕೇಳಿಸಿಕೊಂಡರು. ಯಾರು ಹೇಳಿದರೂ ಆಗುತ್ತದಾ ಎಂದು ಕೇಳಿದರು. ಆಗುತ್ತದೆ ಎಂದರು ಅಜ್ಜಿ. ಮಗನೇ ಆಗಬೇಕೆಂದಿಲ್ಲವಾ? ಇಲ್ಲ. ಹೆಂಡತಿ? ಧಾರಾಳವಾಗಿ.

ಅತ್ತೆ ಸೆರಗು ಸರಿಮಾಡಿಕೊಂಡು, ಫಲಕದ ಕಡೆಗಲ್ಲ, ದೂರದ ಆ ಮರದ ಹಕ್ಕಿಯ ಕಡೆಗೆ ತಿರುಗಿ ನಿಂತರು.

"ಸಾವಿರ ವಡೆ," ಅಂದರು. "ಸಾವಿರ ಎಳ್ಳುಂಡೆ." ಕೈಮುಗಿದರು. "ಸಾವಿರ ಲೋಟ ಕಾಫಿ. ಸಕ್ಕರೆ ಹಾಕಿ."

ಆಮೇಲೆ ಅಳಲು ಶುರು ಮಾಡಿದರು. ಪಕ್ಕದಲ್ಲಿದ್ದ ಬೆಂಚಿನ ಮೇಲೆ ಕೂರಿಸಿದೆ.

"ಅವತ್ತು ಬೆಳಿಗ್ಗೆ ಕೇಳಿದ್ರು ಕಣೆ. ಇವತ್ತೊಂದಿನ ಒಂದು ಚಮಚ ಹಾಕೇ ಅಂದ್ರು. ನಾನು ಕೊಡ್ಲಿಲ್ಲ. ಮಧ್ಯಾಹ್ನಕ್ಕೆ ಹೋಗೇಬಿಟ್ರು, ಬಾಯಲ್ಲಿ ಆ ಸಪ್ಪೆ ಕಾಫಿ ಇಟ್ಕೊಂಡೇ. ಕಾಗೆ ಯಾಕೆ ಬರುತ್ತೆ ಹೇಳು? ನನ್ನ ಮೇಲೇ ಸಿಟ್ಟು ಅವರಿಗೆ."

ಕಾಗೆಗಳು ರೋಗದಿಂದ ಸತ್ತವು, ಮಾವನ ಸಿಟ್ಟಿನಿಂದಲ್ಲ ಎಂದು ಹೇಳಬಹುದಿತ್ತು. ಅದನ್ನು ಅವರು ಟಿವಿಯಲ್ಲಿ ನನಗಿಂತ ಹೆಚ್ಚು ನೋಡಿದ್ದರು. ಅವರ ಕೈಯನ್ನು ನನ್ನ ಕೈಯಲ್ಲಿಟ್ಟುಕೊಂಡೆ. ಒಂದು ವರ್ಷ ಈ ಹೆಂಗಸು ತನಗೆ ತಾನೇ ಸಪ್ಪೆ ಕಾಫಿಯ ಶಿಕ್ಷೆ ಹಾಕಿಕೊಂಡು, ಯಾರಿಗೂ ಹೇಳದೆ, ನನ್ನ ಇಸ್ತ್ರಿ ಹಲಗೆಯ ಹಿಂದಿನ ಡಬ್ಬವನ್ನೂ ನೋಡಿ, ಒಂದು ಮಾತೂ ಆಡಿರಲಿಲ್ಲ.

ಅವರು ಏನು ಹೇಳಿದರು ಎಂದು ವಾಲಂಟಿಯರ್ ಅಜ್ಜಿ ಕೇಳಿದರು. ಹೇಳಿದೆ. ಕಾಫಿ ಈವರೆಗೆ ಯಾವ ಕಲ್ಲಿನ ಮೇಲೂ ಕಂಡಿಲ್ಲ, ಆದರೆ ಹೇಳಿದ ಕ್ರಮ ಸರಿಯಾಗಿದೆ, ಮುಟ್ಟಿರುತ್ತದೆ ಎಂದು ಹೇಳು ಅಂದರು. ಹೇಳಿದೆ. ಅತ್ತೆ ಮೂಗು ಒರೆಸಿಕೊಂಡು, ಅಜ್ಜಿಗೆ ಎರಡು ಕೋಡುಬಳೆ ಕೊಟ್ಟರು. ಕಾವಲಿನವನು ಗೋಡೆಯ ಕಡೆ ನೋಡಿದ.

ಕೆಳಗಿನ ಕ್ಯಾಂಟೀನಿನಲ್ಲಿ ಅತ್ತೆ ಕಾಫಿ ಕೇಳಿದರು. ಮೇಜಿನ ಮೇಲಿದ್ದ ಬಿಳಿ ಪೊಟ್ಟಣಗಳಲ್ಲಿ ಎರಡನ್ನು ಹರಿದು ಸುರಿದುಕೊಂಡು, ಕಲಸಿ, ಕುಡಿದರು. ಕಾಫಿ ಕೆಟ್ಟದಾಗಿದೆ, ಸಕ್ಕರೆ ಚೆನ್ನಾಗಿದೆ ಅಂದರು. ಏಳುವಾಗ ಇನ್ನೊಂದಿಷ್ಟು ಪೊಟ್ಟಣ ಅವರ ಬ್ಯಾಗಿಗೆ ಇಳಿದದ್ದನ್ನು ನಾನು ನೋಡಲಿಲ್ಲ ಎಂದೇ ಇಟ್ಟುಕೊಳ್ಳೋಣ. ದಾರಿಯಲ್ಲಿ, ಎಕ್ಸ್‌ಪ್ರೆಸ್‌ವೇ ಮೇಲೆ, ಈಜಿಪ್ಟಿನವರು ಒಟ್ಟಿನಲ್ಲಿ ತಿಳಿವಳಿಕಸ್ಥರು, ಆ ಬಿಯರೊಂದು ಬಿಟ್ಟರೆ, ಎಂದರು. ಮನೆಗೆ ಬಂದು ತಲೆಗೆ ಸ್ನಾನ ಮಾಡಿ, ಬಿಸಿ ಅನ್ನಕ್ಕೆ ಸಾರು ಹಾಕಿಕೊಂಡು ಹೊಟ್ಟೆ ತುಂಬ ಊಟ ಮಾಡಿದರು.

ಸಂಜೆ ನಾನು ಇಸ್ತ್ರಿ ಹಲಗೆಯ ಹಿಂದೆ ಕೈಹಾಕಿದೆ. ನನ್ನ ಗಂಡನ ಕಾಫಿಗೆ ಅರ್ಧ ಚಮಚ ಹಾಕಿದೆ. ಅರ್ಧವೇ; ನಾನೇನು ಪೂರ್ತಿ ಕೆಟ್ಟುಹೋದವಳಲ್ಲ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಗಂಡ ಒಂದು ಗುಟುಕು ಕುಡಿದರು. ನಿಂತರು. ಲೋಟವನ್ನು ನೋಡಿದರು, ನನ್ನನ್ನು ನೋಡಿದರು.

"ಕಾರನ್ನ ಎಲ್ಲಿ ಗುದ್ದಿಸ್ಕೊಂಡು ಬಂದೆ?" ಅಂದರು.

ಎಲ್ಲೂ ಗುದ್ದಿಲ್ಲ ಎಂದರೆ ನಂಬಲಿಲ್ಲ. ಲೋಟ ಹಿಡಿದುಕೊಂಡೇ ಕೆಳಗೆ ಪಾರ್ಕಿಂಗ್ ಲಾಟಿಗೆ ಇಳಿದು ಹೋದರು. ಅತ್ತೆಯೂ ನಾನೂ ಬಾಲ್ಕನಿಯಿಂದ ನೋಡಿದೆವು. ಅವರು ಮುಂದಿನ ಬಂಪರ್ ನೋಡಿದರು, ಹಿಂದಿನದು ನೋಡಿದರು, ಬಾಗಿ ಚಕ್ರ ನೋಡಿದರು. ಪ್ರತಿಯೊಂದಕ್ಕೂ ಒಂದು ಸಣ್ಣ ಗುಟುಕು. ಕಾರಿನಲ್ಲಿ ನೋಡುವುದಕ್ಕೆ ಏನೂ ಉಳಿಯದೆ ಹೋದಾಗ ಮತ್ತೆ ಮೊದಲಿನಿಂದ ಸುತ್ತತೊಡಗಿದರು, ಕಾಫಿ ಬೇಗ ಮುಗಿಯಬಾರದು ಎಂದು.

"ಅವನಪ್ಪನೂ ಹೀಗೇ ಕುಡೀತಿದ್ರು," ಅಂದರು ಅತ್ತೆ.